ಒಳಗಿನವರನ್ನೇ ಕೇಳಿದ ದಿನ

ಹಳೆಯ ಕಾರುಗಳ ಅಂಗಡಿಯಲ್ಲಿ ‘ಒಳಗಿನವರು’ ಎಂದೇ ಹೆಸರಾಗಿದ್ದ ಆಕೆ ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡರು. ಬೀಗ ರಿಪೇರಿಯವರ ಐದು ಮಕ್ಕಳಲ್ಲಿ ಮೂರನೆಯವರು. ಬಸ್ ಕಂಡಕ್ಟರೊಬ್ಬರ ಹೆಂಡತಿ. ಒಬ್ಬಳೇ ಮಗಳ ತಾಯಿ. ಬೆನ್ನುನೋವಿನಿಂದ ಗಂಡ ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಸಂಸಾರ ನಡೆದದ್ದು, ಮಗಳು ನರ್ಸಿಂಗ್ ಓದಿದ್ದು, ಎಲ್ಲವೂ ಆಕೆಯ ಒಂದು ಸಂಬಳದಲ್ಲಿ.

ಆ ಅಂಗಡಿಯಲ್ಲಿ ಅವರು ಇಪ್ಪತ್ತು ವರ್ಷ ಕುಳಿತ ಕೋಣೆ ಎಂಟಡಿಗೆ ಎಂಟಡಿ. ಒಂದು ಮೇಜು, ಕೀಲಿಕೈಗಳನ್ನು ಸಾಲಾಗಿ ತೂಗುಹಾಕಿದ ಹಲಗೆ, ಫೈಲುಗಳ ಕಪಾಟು, ಕಾರು ತೊಳೆಯುವ ಅಂಗಳದ ಕಡೆಗೊಂದು ಕಿಟಕಿ. ಬಾಗಿಲಿಗೆ ಮಬ್ಬುಗಾಜು. ಕಾರು ಕೈ ಬದಲಾಯಿಸುವಾಗ ಬೇಕಾಗುವ ಪ್ರತಿಯೊಂದು ಕಾಗದವೂ ಅವರ ಕೈಯಿಂದಲೇ ಸಿದ್ಧವಾಗಬೇಕು. ಯಾವ ಗಾಡಿಯನ್ನು ಯಾರಿಂದ ಎಷ್ಟಕ್ಕೆ ಕೊಂಡದ್ದು, ಅದಕ್ಕೆ ಬಣ್ಣಕ್ಕೆಷ್ಟು, ಬ್ರೇಕಿಗೆಷ್ಟು ಖರ್ಚಾಯಿತು ಎಂಬುದು ಅವರಿಗೆ ಫೈಲು ತೆರೆಯದೆಯೂ ಗೊತ್ತಿರುತ್ತಿತ್ತು. ಆದರೆ ಬೆಲೆಯ ವಿಷಯದಲ್ಲಿ ಅವರನ್ನು ಯಾರೂ ಕೇಳಿದ್ದಿಲ್ಲ. ಬೆಲೆ ಮಾರಾಟದವನ ಪಾಲಿಗೆ ಸೇರಿದ್ದು.

ಮಾರಾಟದವನ ಬಾಯಲ್ಲಿ ಬೆಣ್ಣೆ. ಬಂದವರಿಗೆಲ್ಲ ಕುರ್ಚಿ ಒರೆಸಿ ಕೊಟ್ಟು, ಅವರ ಮನೆಮಂದಿಯನ್ನೆಲ್ಲ ವಿಚಾರಿಸಿ, ಕೊನೆಗೆ ಗಿರಾಕಿ ತನ್ನ ಬೆಲೆ ಹೇಳಿದ ಕೂಡಲೇ ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದ. ತನ್ನದೇನೂ ಅಡ್ಡಿಯಿಲ್ಲ, ಒಳಗಿನವರನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದು ಎದ್ದು ಬಂದು, ಮಬ್ಬುಗಾಜಿನ ಬಾಗಿಲನ್ನು ಹಿಂದಿನಿಂದ ಹಾಕಿಕೊಳ್ಳುತ್ತಿದ್ದ. ಬಂದವನು ಕೇಳುತ್ತಿದ್ದುದು ಏನನ್ನೂ ಅಲ್ಲ. ಒಂದು ಲೋಟ ನೀರು ಕುಡಿದು, ಹಲ್ಲುನೋವನ್ನೋ ಭಾವಮೈದುನನ ಸೋಮಾರಿತನವನ್ನೋ ಹೇಳಿಕೊಳ್ಳುವುದು. ಹೇಳುವಾಗ ಮಾತ್ರ ಎರಡೂ ಕೈ ಚಾಚಿ ಅಂಗಲಾಚುವವನಂತೆ ನಿಲ್ಲುವುದು. ಗಾಜಿನಾಚೆ ಕೂತವರಿಗೆ ಅವನ ನೆರಳು ಕಾಣಬೇಕು. ಮುಗಿಸಿದ ಮೇಲೆ, “ಅಕ್ಕಾ, ಇನ್ನೊಂದ್ಸಲ” ಎನ್ನುವನು. ಆಗ ಆಕೆ ತಲೆಯೆತ್ತಿ, ಇಲ್ಲವೆಂಬಂತೆ ಆ ಕಡೆಗೂ ಈ ಕಡೆಗೂ ಆಡಿಸಬೇಕು. ಆಕೆ ಕೆಲಸಕ್ಕೆ ಸೇರಿದ ಎರಡನೆಯ ವಾರದಲ್ಲೇ ಅವನು ಇದನ್ನು ಕಲಿಸಿಕೊಟ್ಟಿದ್ದ. ಯಜಮಾನರಿಗೂ ಗೊತ್ತಿತ್ತು. ಅವರು ಬೆಳಿಗ್ಗೆ ಬಂದು ಸಹಿ ಹಾಕಿ ತಮ್ಮ ಇನ್ನೊಂದು ವ್ಯಾಪಾರಕ್ಕೆ ಹೋಗುವವರು.

ತಲೆಯಾಡಿಸುವುದಕ್ಕೆ ಬೇರೆ ಭತ್ಯೆ ಕೇಳು, ಕತ್ತಿನ ಸವಕಳಿ ಅಂತ ಬರೆಸು ಎಂದು ಗಂಡ ನಗುತ್ತಿದ್ದರು. ಮೊದಲ ವರ್ಷಗಳಲ್ಲಿ ಆಕೆಯೂ ನಕ್ಕದ್ದುಂಟು. ತಾನು ಸುಳ್ಳು ಹೇಳಿಲ್ಲ, ತುಟಿ ಎರಡು ಮಾಡಿಲ್ಲ ಎಂಬುದು ಅವರ ಸಮಾಧಾನ. ಆದರೆ ಒಪ್ಪಂದವಾದ ಮೇಲೆ ಫೈಲು ಅವರ ಮೇಜಿಗೇ ಬರುತ್ತಿತ್ತು. ಕೊಂಡವರ ಹೆಸರು, ಉದ್ಯೋಗ, ಮನೆಯ ವಿಳಾಸ ಎಲ್ಲವನ್ನೂ ಅವರೇ ಬರೆಯಬೇಕಿತ್ತು. ಔಷಧಿ ಅಂಗಡಿಯ ಗುಮಾಸ್ತ, ಶಾಲೆಯ ಅಡುಗೆಯವರು, ಇಬ್ಬರು ಅಕ್ಕತಂಗಿಯರು ಸೇರಿ ಕೊಂಡ ಒಂದು ಗಾಡಿ. ಬೆನ್ನಿನ ಕಡೆಯಿಂದಲೂ ನೋಡದ ಇಷ್ಟು ಜನಕ್ಕೆ ತಾನು ಇಲ್ಲ ಎಂದಿದ್ದೇನೆ ಎಂಬ ಲೆಕ್ಕ ವರ್ಷಗಳು ಕಳೆದಂತೆ ಅವರ ಮನಸ್ಸಿನಲ್ಲಿ ಬೆಳೆಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳಿ ಕೆಲಸ ಕಳೆದುಕೊಂಡರೆ ಮಗಳ ಓದು ಅರ್ಧಕ್ಕೆ ನಿಲ್ಲುತ್ತದೆ ಎಂಬ ತಿಳಿವಳಿಕೆ ಅವರಿಗಿತ್ತು. ಹೇಡಿತನಕ್ಕೆ ಆ ಹೆಸರು ಕೊಡುತ್ತಿದ್ದೇನೆಯೇ ಎಂಬ ಅನುಮಾನವೂ ಇತ್ತು.

ಹನ್ನೊಂದನೆಯ ವರ್ಷದಲ್ಲಿ ಒಂದು ಮಧ್ಯಾಹ್ನ, ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೂದಲು ಕತ್ತರಿಸುವ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಐವತ್ತು ದಾಟಿದವಳು; ಮಂಡಿ ಕೆಟ್ಟು, ಸ್ಕೂಟರು ಓಡಿಸುವುದು ಇನ್ನು ಸಾಧ್ಯವಿಲ್ಲವೆಂದು ವೈದ್ಯರು ಹೇಳಿದ್ದರು. ಹದಿಮೂರು ವರ್ಷ ಹಳೆಯದಾದ ಬೂದುಬಣ್ಣದ ಪುಟ್ಟ ಕಾರನ್ನು ಅವಳು ಒಂದು ಗಂಟೆ ಪರೀಕ್ಷಿಸಿದಳು. ಬಾಗಿಲುಗಳನ್ನು ತೆರೆದು ಮುಚ್ಚಿದಳು, ಚಾಪೆ ಎತ್ತಿ ತುಕ್ಕು ನೋಡಿದಳು, ಹಿಂದಿನ ಸೀಟು ಮಡಚಿ ತನ್ನ ಮಡಚುಕುರ್ಚಿಯನ್ನೂ ನೀರಿನ ಬೇಸಿನ್ನನ್ನೂ ಇಟ್ಟು ಅಳತೆ ಮಾಡಿದಳು. ಮಾರಾಟದವನು ಒಂದು ಲಕ್ಷ ಎಂಬತ್ತು ಸಾವಿರ ಎಂದ. ಅವಳು ಒಂದು ಮೂವತ್ತು ಎಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಬಂದು, ನೀರು ಕುಡಿದು, ಆಕೆ ತಲೆಯಾಡಿಸಿದ ಮೇಲೆ ಹೋಗಿ ಒಂದು ಎಪ್ಪತ್ತಕ್ಕೆ ಇಳಿದ. ಅವಳು ಒಂದು ಮೂವತ್ತೆರಡಕ್ಕೆ ಏರಿದಳು. ಅವನು ಮತ್ತೆ ಒಳಗೆ ಬಂದ.

ಎರಡನೆಯ ಸಲ ಅವನು ಭಾವಮೈದುನನ ಕಥೆಯ ನಡುವಿನಲ್ಲಿದ್ದಾಗಲೇ ಬಾಗಿಲು ತೆರೆಯಿತು. ಕೂದಲು ಕತ್ತರಿಸುವವಳು ಮಂಡಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

“ಇವರು ಓಡಾಡಿ ಸುಸ್ತಾದ್ರು ಪಾಪ,” ಎಂದಳು. “ಬೆಲೆ ಹೇಳೋರು ನೀವಂತೆ. ನಾನೇ ಕೇಳ್ತೀನಿ ಬಿಡಿ.”

ಮಾರಾಟದವನ ಕೈಗಳು ಚಾಚಿದಲ್ಲೇ ಉಳಿದವು. ಆಕೆ ಯಜಮಾನರು ಹೊರಗಿದ್ದಾರೆ ಎನ್ನಬಹುದಿತ್ತು, ತಾನು ಬರೀ ಕಾಗದ ಬರೆಯುವವಳು ಎನ್ನಬಹುದಿತ್ತು, ಎರಡೂ ನಿಜವೇ. ಮೂರನೆಯದು, ಅಭ್ಯಾಸವಾದದ್ದು, ತಲೆಯಾಡಿಸುವುದು. ಎದುರಿಗೆ ನಿಂತವಳ ಮುಖ ನೋಡಿಕೊಂಡು ಅದು ಸಾಧ್ಯವಿಲ್ಲವೆಂದು ಆ ಕ್ಷಣ ಅವರಿಗೆ ಗೊತ್ತಾಯಿತು. ಮಗಳ ಕಾಲೇಜಿಗೆ ಇನ್ನೂ ಒಂದೂವರೆ ವರ್ಷ ಬಾಕಿಯಿರುವುದೂ ಅದೇ ಕ್ಷಣ ನೆನಪಾಯಿತು.

“ಕೂತ್ಕೊಳ್ಳಿ,” ಎಂದರು.

ಕೊಂಡದ್ದು ಒಂದು ಹತ್ತು. ಬಣ್ಣಕ್ಕೂ ಬ್ರೇಕಿಗೂ ಒಂಬತ್ತು ಸಾವಿರ. ನಾಲ್ಕು ತಿಂಗಳಿಂದ ಅಂಗಳದಲ್ಲಿ ನಿಂತ ಗಾಡಿ. ಇಷ್ಟನ್ನು ಮನಸ್ಸಿನಲ್ಲಿ ಕೂಡಿಸಿ, ಅಂಗಡಿಗೂ ನಷ್ಟವಾಗದ ಮೊತ್ತವನ್ನು ಅವರು ತೂಗಿದರು.

“ಒಂದು ಮೂವತ್ತೈದು ಕೊಡಿ. ಎಡಗಡೆ ಹಿಂದಿನ ಟೈರು ಸವೆದಿದೆ, ನೋಡಿದ್ರಾ?”

“ನೋಡ್ದೆ. ಅದಕ್ಕೇ ಮೂವತ್ತೆರಡು ಅಂದೆ.”

“ಟೈರು ಹಾಕಿಸಿ ಕೊಡ್ತಾರೆ. ಮೂವತ್ತೈದು.”

ಅವಳು ಆಗಲಿ ಎಂದಳು. ಹೊರಡುವಾಗ ಮಾರಾಟದವನ ಕಡೆ ತಿರುಗಿ, “ಇಷ್ಟು ಒಳ್ಳೇವ್ರನ್ನ ಹಿಂಗೆ ಒಳಗೆ ಕೂರಿಸಿಟ್ಟು ಯಾಕೆ ಹೆದರಿಸ್ತೀರಪ್ಪ ನೀವು?” ಎಂದಳು. ಒಳಗಿನವರ ಮಾತೇ ಕೊನೆಯ ಮಾತು ಎಂದು ಆ ದಿನವೇ ಎರಡು ಸಲ ಹೇಳಿದ್ದವನು ಅವನೇ.

ಮರುದಿನ ಬೆಳಿಗ್ಗೆ ಯಜಮಾನರು ಮುಖ ಗಂಟಿಕ್ಕಿಕೊಂಡು ಬಂದರು. ಯಾರನ್ನು ಕೇಳಿ ಬೆಲೆ ಹೇಳಿದಿರಿ ಎಂದು ದಬಾಯಿಸಿದರು. ಕೂತ ಕುರ್ಚಿ ಯಾರದೆಂದು ನೆನಪಿರಲಿ ಎಂದರು. ಆಕೆ ಎದ್ದು ನಿಂತೇ ಕೇಳಿಸಿಕೊಂಡರು.

“ಬೆಲೆ ಹೇಳೋ ಅಧಿಕಾರ ನಿಮಗಿಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು ಸಾರ್. ಅದನ್ನ ಬರೆದು ಕೊಡಿ.”

ಯಜಮಾನರಿಗೆ ಇದು ತಪ್ಪೊಪ್ಪಿಗೆಯಂತೆ ಕೇಳಿಸಿತು. ಅಂಗಡಿಯ ಹೆಸರಿನ ಕಾಗದದಲ್ಲಿ, ಈ ಕೋಣೆಯಲ್ಲಿ ಕುಳಿತವರಿಗೆ ಗಾಡಿಗಳ ಬೆಲೆ ಏರಿಸುವ ಇಳಿಸುವ ಅಧಿಕಾರ ಯಾವುದೂ ಇರುವುದಿಲ್ಲ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿ ಹೋದರು. ಅವರ ಕಾರು ಗೇಟು ದಾಟಿದ ಮೇಲೆ ಆಕೆ ಆ ಕಾಗದವನ್ನು ಮಬ್ಬುಗಾಜಿನ ಹೊರಮೈಗೆ, ಗಿರಾಕಿಗಳ ಕುರ್ಚಿಗೆ ಎದುರಾಗಿ, ನಾಲ್ಕೂ ಮೂಲೆಗೆ ಅಂಟು ಹಚ್ಚಿ ಅಂಟಿಸಿದರು.

ಮಾರಾಟದವನು ಮಧ್ಯಾಹ್ನದವರೆಗೆ ಅದನ್ನು ಗಮನಿಸಲಿಲ್ಲ. ಒಳಗಿನವರನ್ನು ಕೇಳಿ ಬರುತ್ತೇನೆಂದು ಎದ್ದವನಿಗೆ ಗಿರಾಕಿಯೇ ಬೆರಳು ತೋರಿಸಿ ಓದಿ ಹೇಳಿದ. ತೆಗೆದುಹಾಕಿ ಎಂದು ಯಜಮಾನರು ಫೋನಿನಲ್ಲಿ ಕೂಗಾಡಿದಾಗ, ಆಕೆ ಅದನ್ನೂ ಬರೆದು ಕೊಟ್ಟರೆ ಪಕ್ಕದಲ್ಲೇ ಅಂಟಿಸುತ್ತೇನೆ ಎಂದು ಶಾಂತವಾಗಿ ಉತ್ತರಿಸಿದರು. ಅವರನ್ನು ಬಿಡಿಸುವ ಮಾತು ಒಂದು ತಿಂಗಳು ನಡೆಯಿತು. ನಲವತ್ತು ಗಾಡಿಗಳ ಕಾಗದ ಯಾವುದು ಎಲ್ಲಿದೆಯೆಂದು ಬೇರೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಆ ಮಾತು ತಾನೇ ತಣ್ಣಗಾಯಿತು. ಮಾರಾಟದವನು ಮುಂದೆ ಅಂಗಳಕ್ಕೆ ಹೋಗಿ, ಬೆಲೆಗೆ ಯಾರದೋ ಒಪ್ಪಿಗೆ ಕೇಳುವವನಂತೆ ಫೋನು ಕಿವಿಗಿಟ್ಟುಕೊಂಡು ನಿಲ್ಲುವುದನ್ನು ರೂಢಿಮಾಡಿಕೊಂಡ. ಅದನ್ನು ನಿಲ್ಲಿಸುವುದು ಆಕೆಯಿಂದ ಆಗಲಿಲ್ಲ. ಇಲ್ಲ ಎನ್ನುವುದಕ್ಕೆ ಮಾತ್ರ ಅವರ ತಲೆ ಮತ್ತೆ ಸಾಲವಾಗಿ ಸಿಗಲಿಲ್ಲ.

ಆಕೆ ಬಿಟ್ಟುಹೋದದ್ದು: ಗಂಡ, ಆಸ್ಪತ್ರೆಯೊಂದರ ಹಿರಿಯ ನರ್ಸ್ ಆಗಿರುವ ಮಗಳು, ಎರಡು ಕನ್ನಡಕ, ಒಂದು ಹತ್ತಿರಕ್ಕೆ, ಒಂದು ದೂರಕ್ಕೆ, ನಿಬ್ಬು ವಾಲಿದ ಶಾಯಿಪೆನ್ನು, ಕಸೂತಿ ಅರ್ಧಕ್ಕೆ ನಿಂತ ದಿಂಬಿನ ಚೀಲ, ಮನೆಯ ಗೋಡೆಗೆ ಹತ್ತಿಸಲೆಂದು ತಂದು ಕುಂಡದಲ್ಲೇ ಉಳಿದ ಬಳ್ಳಿ, ಯಾವ ಫೈಲು ಯಾವ ಸಾಲಿನಲ್ಲಿದೆ ಎಂದು ಮುಂದೆ ಬರುವವರಿಗಾಗಿ ದುಂಡಗೆ ಬರೆದಿಟ್ಟ ಹನ್ನೆರಡು ಪುಟ.