ಮೊಣಕೈ ಹಿಂದಿನ ಭಾರ

ನನ್ನ ಸೋದರತ್ತೆ ಪಿಚ್ಚೈಯಮ್ಮಾಳ್ ನೆಲ ನೋಡಿಕೊಂಡೇ ನಡೆಯುವ ಹೆಂಗಸು. ನಾಚಿಕೆಯಿಂದಲ್ಲ, ನಾಚಿಕೆಗೂ ಅವಳಿಗೂ ಮೊದಲಿನಿಂದಲೇ ಆಗಿಬಂದಿಲ್ಲ. ಉತ್ತ ಹೊಲದ ಮೇಲೆ ಮಳೆ ಬಿದ್ದ ಮರುದಿನ ಏನಾದರೂ ಎದ್ದು ಬಂದಿರುತ್ತದೆ ಎಂಬುದು ಅವಳ ನಂಬಿಕೆ. ತೂತಿನ ಕಾಸು, ಹಿತ್ತಾಳೆ ಗುಂಡಿ, ಯಾರದೋ ಕಾಲುಂಗುರ, ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ಕಾಲುಂಗುರದ ಒಡತಿ ಗೊತ್ತಾದರೆ ಹೋಗಿ ಕೊಟ್ಟುಬರುವಳು. ಗೊತ್ತಾಗದಿದ್ದರೆ ಒಡತಿಯನ್ನು ತಾನೇ ಮನಸ್ಸಿನಲ್ಲಿ ಕಟ್ಟಿಕೊಂಡು, ಅವಳಿಗೆ ಊರು ಗಂಡ ಮಕ್ಕಳನ್ನೆಲ್ಲ ಕೊಟ್ಟು, ಸಂಜೆ ನಮಗೆ ಕಥೆ ಹೇಳುವಳು. ವಯಸ್ಸು ಐವತ್ತೆಂಟಾಗುವ ಹೊತ್ತಿಗೆ ಕಣ್ಣು ಮಂಜಾಯಿತು. ಕಾಸು ಯಾವುದು, ಕಲ್ಲುಹರಳು ಯಾವುದು ಎಂದು ತಿಳಿಯದಾಯಿತು.

ಅವಳ ಗಂಡ ಅಯ್ಯಾವು ಮಾವ ಮಾತಿನಲ್ಲಿ ಮಹಾ ಜಿಪುಣರು. ಥೇಣಿ ಕಡೆಯ ಕಾಮಯಗೌಂಡನ್‌ಪಟ್ಟಿಯ ಹೊರಗೆ ಅವರ ಎರಡು ಎಕರೆ ದ್ರಾಕ್ಷಿ ತೋಟ. ಕಲ್ಲುಗಂಬದ ಮೇಲೆ ತಂತಿ, ತಂತಿಯ ಮೇಲೆ ಬಳ್ಳಿ. ಚಪ್ಪರದಡಿ ನಡುಹಗಲೂ ಹಸಿರು ಬೆಳಕು. ಒಳಗೆ ಹೋದವರಿಗೆ ಹೊತ್ತು ಹೋದದ್ದೇ ತಿಳಿಯದು. ಮೂಡಣ ಮೂಲೆಯ ಸಾಲಿನಲ್ಲಿ ಒಂದು ಬಳ್ಳಿಯ ಜಾಗ ಖಾಲಿ ಇತ್ತು. ಅಲ್ಲಿ ಮಾವ ಗೋಣಿ ಹಾಸಿ ಬುತ್ತಿ ಉಣ್ಣುವರು. ಉಂಡಾದ ಮೇಲೆ ಚೊಂಬಿನಲ್ಲಿ ಉಳಿದ ನೀರನ್ನು ಪಕ್ಕದ ಮಣ್ಣಿಗೆ ಸುರಿದು, ಟವೆಲ್ ಕೊಡವಿ ಏಳುವರು. ಇಪ್ಪತ್ತು ವರ್ಷ ಅದೇ ಜಾಗ, ಅದೇ ಚೊಂಬು. ಎದ್ದು ಬೇರೆ ನೆರಳಿಗೆ ಹೋಗಲಾರದ ಸೋಮಾರಿತನ ಎಂದುಕೊಂಡಿದ್ದೆ.

ಆ ತೋಟದಲ್ಲಿ ಎಲ್ಲೋ ಒಂದು ಹೋರಿ ಮಣ್ಣಾಗಿತ್ತು. ಮಾವನ ತಾಯಿ ರಂಗಮ್ಮಾಳ್ ಸಾಕಿ ದೇವರಿಗೆ ಬಿಟ್ಟ ಹೋರಿ. ಕನ್ನಡ ಮಾತಿನ ನಮ್ಮ ಹಿರಿಯರು ದನಗಳ ಹಿಂದೆ ನಡೆಯುತ್ತ ನಡೆಯುತ್ತ ತಮಿಳು ಸೀಮೆಯ ಈ ಕಣಿವೆಗೆ ಬಂದರೆಂದು ನಮ್ಮ ಮನೆಗಳಲ್ಲಿ ಹೇಳಿಕೊಳ್ಳುತ್ತಾರೆ. ಹಾಗಾಗಿ ದೇವರ ಹೋರಿ ಎಂದರೆ ಮನೆಯ ಹಿರಿಯನಿದ್ದಂತೆ. ಮಾವನ ಮನೆಯ ಪದ್ಧತಿಯಲ್ಲಿ ಹೋರಿಯನ್ನು ಆಳವಾಗಿ ಹೂಳಿ, ಕೊರಳಿನ ಕಂಚಿನ ಗಂಟೆಯನ್ನು ಮಾತ್ರ ಮೇಲೆ, ಎರಡು ಗೇಣು ಮಣ್ಣಿನಡಿ ಇಟ್ಟು, ಅದರ ಮೇಲೆ ಗುರುತಿನ ಕಲ್ಲು ನೆಡುತ್ತಿದ್ದರು. ಅಲ್ಲಿ ನೇಗಿಲು ತಾಕಬಾರದು. ವರ್ಷಕ್ಕೊಮ್ಮೆ ದನಗಳ ಹಬ್ಬವಾದ ಮಾಟ್ಟು ಪೊಂಗಲ್ ದಿನ ಮನೆಯ ಸೊಸೆ ಹಾಲು ಹೊಯ್ಯಬೇಕು.

ಎಪ್ಪತ್ತೆಂಟನೆಯ ಇಸವಿಯಲ್ಲಿ ಚಪ್ಪರ ಹಾಕುವಾಗ ಒಂದು ಕಲ್ಲುಗಂಬ ಕಡಿಮೆ ಬಿತ್ತು. ಗುರುತಿನ ಕಲ್ಲು ಅಳತೆಗೆ ಸರಿಹೋಗುವಂತಿತ್ತು. ಅದನ್ನೇ ಕಿತ್ತು ಕಂಬ ಮಾಡಿಬಿಟ್ಟರು. ಅತ್ತೆ ಆಗ ಗೂಡಲೂರಿನ ತವರಿನಲ್ಲಿದ್ದಳು. ರಂಗಮ್ಮಾಳ್ ತೀರಿಹೋದ ಸುದ್ದಿ ಕೇಳಿ ಓಡಿಬಂದರೆ ಬದುಗಳೆಲ್ಲ ಸಮ, ಗುರುತಿನ ಬೇವಿನ ಮರ ಇಲ್ಲ, ನೆಲದ ಮುಖವೇ ಬೇರೆ. "ಆಳುಗಳು ಕಿತ್ತು ನೆಟ್ರು, ಎಲ್ಲಿಂದ ಕಿತ್ರೋ ನಾ ಕಾಣೆ" ಎಂದು ಮಾವ ಒಂದೇ ಸಲ ಹೇಳಿ ಬಾಯಿ ಮುಚ್ಚಿದರು. ಅಂದಿನಿಂದ ಅತ್ತೆ ಆ ಕಂಬಕ್ಕೇ ಹಾಲು ಹೊಯ್ಯುತ್ತ, ಸರಿಯಾದ ಜಾಗ ತಿಳಿಯದೆಂದು ಹೋರಿಯ ಕ್ಷಮೆ ಕೇಳಿ ಬರುತ್ತಿದ್ದಳು.

ತೊಂಬತ್ತೆಂಟಕ್ಕೆ ಬಳ್ಳಿಗಳು ಮುದಿಯಾದವು. ಎಲ್ಲ ಕಿತ್ತು, ಟ್ರಾಕ್ಟರಿನಲ್ಲಿ ಆಳವಾಗಿ ಉತ್ತು ಹೊಸ ಬಳ್ಳಿ ಇಡಬೇಕು. ಮಾವ ಎರಡು ಸಲ ಟ್ರಾಕ್ಟರಿಗೆ ಹೇಳಿ ಎರಡು ಸಲವೂ ಬೇಡವೆಂದರು. ಕೊನೆಗೆ ಆಷಾಢದ ಗಾಳಿಯ ಆಡಿ ತಿಂಗಳು ಕಳೆದ ಮೇಲೆ ಎಂದು ನಿಗದಿಯಾಯಿತು. ಅತ್ತೆಗೆ ನಿದ್ದೆ ಹೋಯಿತು. ಹೋರಿಯ ಎದೆಯ ಮೇಲೆ ನೇಗಿಲು ಹಾಯುವ ಮೊದಲು ಜಾಗ ಸಿಗಬೇಕು. ಅಷ್ಟೇ ಅವಳಿಗೆ ಬೇಕಾದದ್ದು.

ನಾನು ಉತ್ತಮಪಾಳಯದ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಗೂಡಲೂರಿನ ಒಂದು ಮರದ ಮಿಲ್ಲಿನಲ್ಲಿ ದಿಮ್ಮಿಯೊಳಗಿನ ಮೊಳೆ ಹುಡುಕುವ ಯಂತ್ರ ನೋಡಿದ್ದನ್ನು ಅತ್ತೆಗೆ ಹೇಳಿದೆ. ಹೇಳಿದ್ದೇ ತಪ್ಪಾಯಿತು. ಮರುದಿನ ಬೆಳಿಗ್ಗೆಯೇ ಅದನ್ನು ಮಾಡುವ ರೇಡಿಯೋ ಮೆಕ್ಯಾನಿಕ್ ರಾಮಸಾಮಿಯ ಅಂಗಡಿಗೆಂದು ದಿಂಡಿಗಲ್ ಬಸ್ಸಿನಲ್ಲಿ ಕೂತಿದ್ದೆವು. ಆಶ್ಚರ್ಯವೆಂದರೆ, ಥೇಣಿ ದಾಟಿ ಎಲ್ಲಿಗೂ ಬಾರದ ಮಾವನೂ ಊಟದ ಡಬ್ಬಿಯಿದ್ದ ಹಳದಿ ಚೀಲ ಹಿಡಿದು ಪಕ್ಕದಲ್ಲಿ ಕೂತಿದ್ದರು.

ಬೀಗ ಮಾಡುವವರ ಬೀದಿಯಲ್ಲಿ ರಾಮಸಾಮಿಯ ಅಂಗಡಿ. ಎರಡು ಯಂತ್ರ ಇದ್ದವು. ಎರಡಕ್ಕೂ ಉದ್ದ ಕೋಲು, ತುದಿಯಲ್ಲಿ ತಟ್ಟೆ, ತಟ್ಟೆಯ ಹತ್ತಿರವೇ ಬ್ಯಾಟರಿ ಪೆಟ್ಟಿಗೆ, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನ್. ದೊಡ್ಡದು ಆಳ ನೋಡುತ್ತದೆ, ಚಿಕ್ಕದು ಅಷ್ಟು ನೋಡುವುದಿಲ್ಲ ಎಂದು ಅವನು ತಮಿಳಿನಲ್ಲಿ ವಿವರಿಸಿದ. ಅತ್ತೆ ದೊಡ್ಡದನ್ನು ಎತ್ತಿಕೊಂಡು, "ಹಗುರವಾಗೇ ಅದೆ. ಇದೇ ಇರ್ಲಿ" ಎಂದಳು.

"ಅಂಗಡಿಯಾಗೆ ನಿಂತ್ಕಂಡ್ರೆ ಎಲ್ಲಾ ಹಗುರವೇ" ಎಂದರು ಮಾವ. "ಬೀದಿಯಾಗೆ ಅರ್ಧ ಗಂಟೆ ಬೀಸು. ಆಮೇಲೆ ಹೇಳು."

ಅತ್ತೆ ಬೀದಿಯಲ್ಲಿ ಬೀಸಿದಳು. ಬೀಗದವರು ಅರವನ್ನು ಕೆಳಗಿಟ್ಟು ನೋಡಿದರು. ಹತ್ತು ನಿಮಿಷಕ್ಕೆ ತಟ್ಟೆ ನೆಲಕ್ಕೆ ಕುಕ್ಕತೊಡಗಿತು. ಇಪ್ಪತ್ತು ವರ್ಷ ತಲೆಯ ಮೇಲೆ ಕೈಯೆತ್ತಿ ಬಳ್ಳಿ ಕತ್ತರಿಸಿ ಸವೆದ ಬಲಗೈ ಅದು. ಆದರೂ ಅವಳು ಪರವಾಯಿಲ್ಲ ಎಂದಳು. ಮಾವ ಚಿಕ್ಕದನ್ನು ಅವಳ ಕೈಗೆ ಕೊಟ್ಟರು. ಅದು ವಾಸಿ, ಆದರೆ ಅದೂ ಮೂತಿ ಬಗ್ಗಿಸುತ್ತಿತ್ತು. ಮಾವ ಸ್ವಲ್ಪ ಹೊತ್ತು ನೋಡುತ್ತ ನಿಂತರು. ಆಮೇಲೆ ತಮ್ಮ ಹಳದಿ ಚೀಲವನ್ನು ತಂದು ಅವಳ ಮೊಣಕೈ ಹಿಂದೆ ಕೋಲಿನ ತುದಿಗೆ ತೂಗುಹಾಕಿದರು. ಮುಂದಿನ ತಟ್ಟೆ ತಾನಾಗಿ ಮೇಲೆದ್ದು ನಿಂತಿತು.

"ಕಾವಡಿಯಾಗೆ ಮುಂದೆ ಒಂದು ಕೊಡ ಇದ್ರೆ ಹಿಂದ್ಕೂ ಒಂದು ಬೇಕಲ್ಲ ಅಣ್ಣಾ" ಎಂದು ಮಾವ ರಾಮಸಾಮಿಗೆ ಹೇಳಿದರು. "ಬ್ಯಾಟರಿ ಪೆಟ್ಟಿಗೆ ಇಲ್ಲಿಗೆ ಹಾಕು."

ಅಷ್ಟಕ್ಕೇ ಬಿಡಲಿಲ್ಲ. ಅತ್ತೆ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ತಟ್ಟೆ ನೆಲದಿಂದ ಎರಡು ಬೆರಳು ಮೇಲಿರುವಂತೆ ಕೋಲು ಕಡಿಸಿದರು. ಮುಂಗೈ ಕೂರುವ ಜಾಗಕ್ಕೆ ತಮ್ಮ ಟವೆಲ್ಲಿನ ಅಂಚು ಹರಿದು ಸುತ್ತಿದರು. ಎರಡು ಬಸ್ಸು ತಪ್ಪಿದವು. ಚಪ್ಪಲಿ ಕೊಳ್ಳುವಾಗಲೂ ಕಾಲಿಟ್ಟು ನೋಡದ ಮನುಷ್ಯನಿಗೆ ಇವತ್ತು ಏನಾಗಿದೆ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ.

"ದೊಡ್ಡದು ಆಳ ನೋಡ್ತಿತ್ತು" ಎಂದಳು ಅತ್ತೆ, ಇನ್ನೂ ಆಸೆ ಬಿಡದೆ.

"ಗಂಟೆ ಇರೋದು ಎರಡು ಗೇಣಿಗೆ. ನಿನ್ನ ಕೈ ತಡೀಬೇಕಲ್ಲ, ಎರಡು ಎಕರೆಗೂ."

ಹುಡುಕಾಟ ಶುರುವಾದಾಗ ಆ ಮಾತಿನ ಬೆಲೆ ತಿಳಿಯಿತು. ಬಳ್ಳಿ ಕಟ್ಟಿದ ತಂತಿಯ ತುಂಡುಗಳು ಇಪ್ಪತ್ತು ವರ್ಷ ಆ ಮಣ್ಣಿಗೆ ಉದುರಿದ್ದವು. ಹೆಜ್ಜೆಗೊಂದು ಕೀರಲು. ಒಂದೊಂದನ್ನೂ ಕೇಳಿ, ಅಲ್ಲವೆಂದು ಬಿಟ್ಟು ಮುಂದೆ ಹೋಗಬೇಕು. ದೊಡ್ಡ ಯಂತ್ರವಾಗಿದ್ದರೆ ಅತ್ತೆ ಮೊದಲ ದಿನವೇ ಕೈಚೆಲ್ಲುತ್ತಿದ್ದಳು. ಇದನ್ನು ಹಿಡಿದು ಬೆಳಗಿನಿಂದ ಸಂಜೆವರೆಗೆ, ಕಣ್ಣು ಅರ್ಧ ಮುಚ್ಚಿ, ತೊಟ್ಟಿಲು ತೂಗುವಂತೆ ಬೀಸುತ್ತ ಸಾಲಿನಿಂದ ಸಾಲಿಗೆ ತೇಲುತ್ತಿದ್ದಳು. ಮೇಲೆ ಆಡಿಯ ಗಾಳಿ, ಎಲೆಗಳ ಸದ್ದು, ಕೆಳಗೆ ಅಲುಗುವ ಹಸಿರು ಬೆಳಕು. ಐದನೆಯ ದಿನ ಹೆಡ್‌ಫೋನ್ ತೆಗೆದು, "ಬಾಲಾ, ಇದರೊಳಗೆ ದನ ನಡೀತವೆ" ಎಂದಳು. "ರೊಂಬ ದೂರದಾಗೆ, ಬಲು ದೂರದಾಗೆ. ನೂರಾರು ಗೊರಸು. ಮುಂದೆ ಒಂದು ಗಂಟೆ." ನಾನು ಕಿವಿಗಿಟ್ಟುಕೊಂಡೆ. ಬರೀ ಗುಂಯ್ ಎನ್ನುವ ಸದ್ದು. ಆದರೂ ತೆಗೆಯಲು ಮನಸ್ಸು ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೂ ಧೂಳಿನ ವಾಸನೆ ಬಂದಂತಾಯಿತು.

ಒಂಬತ್ತನೆಯ ದಿನ ಅವಳು ಮೂಡಣ ಮೂಲೆಯ ಸಾಲಿಗೆ ಬಂದಳು. ಮಾವ ಉಂಡು ಗೋಣಿಯ ಮೇಲೆ ಕೂತಿದ್ದರು. ತಟ್ಟೆ ಗೋಣಿಯ ಅಂಚಿಗೆ ಬರುತ್ತಲೇ ಅವಳು ನಿಂತಳು. ಹಿಂದೆ ಬೀಸಿದಳು, ಮುಂದೆ ಬೀಸಿದಳು. ನಾಲ್ಕು ಹೆಜ್ಜೆ ಆಚೆ ನಿಂತ ನನಗೂ ಹೆಡ್‌ಫೋನಿನ ದನಿ ಕೇಳಿಸಿತು. ತಂತಿಯ ಕೀರಲಲ್ಲ, ತುಂಬಿದ, ದಪ್ಪನೆಯ ದನಿ.

"ಸ್ವಲ್ಪ ಏಳಿ" ಎಂದಳು. ಮಾವ ಏಳಲಿಲ್ಲ.

"ಇಲ್ಲೇ ಅದೆ ಪಿಚ್ಚೈ" ಎಂದರು. "ನಾನೇ ಕಿತ್ತೆ. ಅವ್ವ ಬ್ಯಾಡ ಬ್ಯಾಡ ಅಂತು. ಒಂದು ಕಲ್ಲು ತಾನೆ ಅಂತ ಕಿತ್ತೆ. ಹದಿನೆಂಟು ದಿನಕ್ಕೆ ಅವ್ವ ಹೋಯ್ತು."

ಅತ್ತೆ ಖಾಲಿ ಬಿಟ್ಟ ಬಳ್ಳಿಯ ಜಾಗ ನೋಡಿದಳು, ಗೋಣಿ ನೋಡಿದಳು, ಮಾವನ ಪಕ್ಕದಲ್ಲಿ ಯಾವಾಗಲೂ ಒದ್ದೆಯಾಗಿರುತ್ತಿದ್ದ ಆ ಅಂಗೈಯಗಲ ಮಣ್ಣನ್ನು ನೋಡಿದಳು. ಸೋಮಾರಿತನ ಎಂದುಕೊಂಡಿದ್ದ ನನಗೆ ತಲೆಯೆತ್ತಲಾಗಲಿಲ್ಲ.

"ಗೊತ್ತಿದ್ದೂ ಈ ಮಿಷಿನ್ ಯಾಕೆ ಕೊಡ್ಸಿದ್ರಿ?"

"ಬಾಯಾಗೆ ಬರ್ನಿಲ್ಲ. ನೀನೇ ಹುಡೀಕ್ಕಂಡು ಬರ್ಲಿ ಅಂತಿದ್ದೆ" ಎಂದರು ಮಾವ. "ಬರೋಗಂಟ ನಿನ್ನ ಕೈ ನೋಯ್ಬಾರ್ದು ಅಂತ."

ಅತ್ತೆಯ ಕಣ್ಣು ತುಂಬಿತು. ಹೆಡ್‌ಫೋನ್ ತೆಗೆದು ಮಾವನ ಕಿವಿಗೆ ಹಾಕಿ, ಗೋಣಿಯ ಅಂಚಿನಲ್ಲಿ ತಟ್ಟೆಯನ್ನು ಮೆಲ್ಲಗೆ ಆಡಿಸಿದಳು. ಇಪ್ಪತ್ತು ವರ್ಷ ಅದರ ಪಕ್ಕದಲ್ಲೇ ಉಂಡ ಮನುಷ್ಯ ಮೊದಲ ಸಲ ಗಂಟೆಯ ಸದ್ದು ಕೇಳುತ್ತ, ಮಗುವಿನ ಹಾಗೆ ಅಳುತ್ತ ಕೂತರು.

"ನಾಳೆ ಆ ಕಲ್ಲು ಕಿತ್ತು ತಂದು ಇಲ್ಲಿ ನೆಡಿ" ಎಂದಳು. "ನಿಮ್ಮ ಕೈಯಾಗೇ."

ಆಮೇಲೆ ಯಂತ್ರವನ್ನು ನನಗೆ ಕೊಟ್ಟು, ಗೋಣಿಯ ಮೇಲೆ ಅವರ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು. ಚೊಂಬಿನಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಮಾವ ಕೈ ಚಾಚಿದರು. ಅದಕ್ಕೂ ಮೊದಲೇ ಅವಳು ಅದನ್ನೆತ್ತಿ ಆ ಒದ್ದೆ ಮಣ್ಣಿಗೆ ನಿಧಾನವಾಗಿ ಸುರಿದಳು.