ಊಟಕ್ಕೆ ಮುಂಚಿನ ಮಾತು

ಡೋಣಿ ಊರಿನ ಅಂಗನವಾಡಿಯಲ್ಲಿ ಗದಿಗೆವ್ವ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುತ್ತಿದ್ದ ಪಾಠ ಒಂದಿತ್ತು. ಮಧ್ಯಾಹ್ನ ತಟ್ಟೆಗೆ ಅನ್ನ ಬಿದ್ದ ಮೇಲೆ, ಬಾಯಿಗೆ ತುತ್ತು ಹೋಗುವ ಮುಂಚೆ, ಪ್ರತಿ ಮಗುವೂ ತನಗೆ ಸಿಕ್ಕ ಒಂದು ಒಳ್ಳೆಯದನ್ನು ದೇವರಿಗೆ ಹೇಳಬೇಕು. ಯಾವ ದೇವರು ಎಂದು ಆಕೆ ಕೇಳುತ್ತಿರಲಿಲ್ಲ. ಸುಶ್ಮಿತಾ ಕೈ ಮುಗಿದು ಹೇಳುತ್ತಿದ್ದಳು, ಮಹೆಕ ಎರಡೂ ಅಂಗೈ ಬಿಚ್ಚಿ ಹೇಳುತ್ತಿದ್ದಳು.

"ದೇವ್ರೇ, ನಮ್ಮ ಎಮ್ಮಿ ಕರ ಹಾಕೇತಿ. ನೀ ಭಾಳ ಚಲೋ ಅದಿ."

"ನಮ್ಮಪ್ಪ ನಿನ್ನಿ ಜಲ್ದಿ ಮನಿಗಿ ಬಂದಿದ್ದ."

ಇಲ್ಲದ್ದನ್ನು ಬೇಡುವಂತಿರಲಿಲ್ಲ. ಯಾವುದಾದರೂ ಮಗು ಬೇಡಲು ಹೊರಟರೆ ಗದಿಗೆವ್ವ, "ಅದು ನಾಳಿಗಿ ಇರ್ಲಿ. ಇವತ್ತ ಏನ್ ಕೊಟ್ಟಾನ, ಅದನ್ನ ಹೇಳು" ಎನ್ನುತ್ತಿದ್ದಳು.

ಈ ರೂಢಿ ಹುಟ್ಟಿದ್ದು ಕಾವೇರಿ ಮನೆಗೆ ಬಂದ ವರ್ಷ. ಗದಿಗೆವ್ವ, ಪುಂಡಲೀಕಪ್ಪ ಮದುವೆಯಾಗಿ ಹದಿನೆಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಷ್ಟರಲ್ಲಿ ಮುಳಗುಂದಕ್ಕೆ ಕೊಟ್ಟಿದ್ದ ಗದಿಗೆವ್ವನ ತಂಗಿ ಮುತ್ತವ್ವ ಒಂದು ವಾರದ ಜ್ವರದಲ್ಲಿ ತೀರಿಕೊಂಡಳು. ಹಿಟ್ಟಿನ ಗಿರಣಿ ನಡೆಸುವ ಆಕೆಯ ಗಂಡ ಹೊನ್ನೇಶ, ಒಂದೂವರೆ ವರ್ಷದ ಮಗಳು ಕಾವೇರಿಯನ್ನು ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲೇ ಅತ್ತ. "ನನ್ನ ಕೈಲೆ ಆಗವಲ್ದು, ಅಕ್ಕಾರ."

ಕೂಸು ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಗದಿಗೆವ್ವನ ಕೈಯಿಂದ ಹಾಲನ್ನದ ಒಂದು ತುತ್ತು ತಿಂದಿತು, ಆಮೇಲೆ ಇನ್ನೊಂದು. ಗದಿಗೆವ್ವ ಎದ್ದು ಹೋಗಿ ದೇವರ ಜಗಲಿಯ ಮುಂದೆ ನಿಂತಳು. "ತಂಗೀನ್ನ ಒಯ್ದಿದ್ದಕ್ಕ ನಿನ್ನ ಜೋಡಿ ಜಗಳ ಐತಿ. ಈಕಿನ್ನ ಕೊಟ್ಟಿದ್ದಕ್ಕ ಕೈ ಮುಗೀತೀನಿ" ಎಂದಳು. ಎರಡನ್ನೂ ಒಟ್ಟಿಗೆ ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಆರು ವರ್ಷ ಕಾವೇರಿ ಆ ಮನೆಯಲ್ಲಿ ಬೆಳೆದಳು. ಗದಿಗೆವ್ವನನ್ನು 'ದೊಡ್ಡವ್ವ' ಎಂದೇ ಕರೆಯುತ್ತಿದ್ದಳು. 'ಅವ್ವ' ಅನ್ನು ಎಂದು ಗದಿಗೆವ್ವ ಒಂದು ದಿನವೂ ಹೇಳಿಕೊಡಲಿಲ್ಲ. ಅದು ಮುತ್ತವ್ವನದು ಎಂದು ಬಿಟ್ಟಿದ್ದಳು. ಆದರೆ ಹುಡುಗಿ ನಿದ್ದೆಗಣ್ಣಿನಲ್ಲಿ ಬಾಯಿ ತಪ್ಪಿಯಾದರೂ ಹಾಗೆ ಕರೆದಾಳೇನೋ ಎಂದು ಕಿವಿ ಕಾಯುತ್ತಿತ್ತು.

ಅಷ್ಟರಲ್ಲಿ ಹೊನ್ನೇಶನಿಗೆ ಮತ್ತೊಂದು ಮದುವೆಯಾಗಿತ್ತು. ಹೊಸ ಹೆಂಡತಿ ಅಂಕಿತಾ, ಅವರಿಗೊಬ್ಬ ಮಗ ವೀರು. ಹೋದ ಬೇಸಿಗೆಯಲ್ಲಿ ಹೊನ್ನೇಶ ಬಂದು ತಲೆ ತಗ್ಗಿಸಿ ಕುಳಿತ. "ಶಾಲಿ ಅಲ್ಲೇ ಹಚ್ತೀನ್ರಿ ಅಕ್ಕಾರ. ಅಪ್ಪ ಇದ್ದೂ ಹುಡುಗಿ ಬ್ಯಾರೆ ಕಡೆ ಬೆಳೀಬಾರ್ದು. ಅಂಕಿತಾನೂ ಕರ್ಕೊಂಡ್ ಬರ್ರಿ ಅಂತಾಳ."

ಪುಂಡಲೀಕಪ್ಪ ಹೆಂಡತಿಯ ಮುಖ ನೋಡಿದ. "ಖರೆ ಐತಿ ಅವ್ನ ಮಾತು" ಎಂದ, ಮತ್ತೆ ದನಕ್ಕೆ ನೀರು ಕುಡಿಸಲು ಹೋದವನು ಹೊನ್ನೇಶ ಕಾವೇರಿಯನ್ನು ಕರೆದುಕೊಂಡು ಹೊರಡುವವರೆಗೂ ಬರಲಿಲ್ಲ.

ಮರುದಿನದಿಂದ ಅಂಗನವಾಡಿಯಲ್ಲಿ ಆ ಪಾಠ ನಿಂತಿತು. ಗದಿಗೆವ್ವ ಅನ್ನ ಬಡಿಸಿ "ಉಣ್ರಿ" ಎನ್ನುತ್ತಿದ್ದಳು, ಅಷ್ಟೇ. ಮೂರನೆಯ ದಿನ ಸುಶ್ಮಿತಾ ಕೇಳಿಯೇಬಿಟ್ಟಳು: "ಅಕ್ಕೋರ, ದೇವ್ರಿಗಿ ಹೇಳೋದೈತಿ."

"ಅವ್ನಿಗಿ ಎಲ್ಲಾ ಗೊತ್ತೈತಿ. ನೀ ಉಣ್ಣು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಹೆಕ ಮಾತ್ರ ಸದ್ದಿಲ್ಲದೆ ಅಂಗೈ ಬಿಚ್ಚಿ ತುಟಿ ಆಡಿಸಿದಳು. ಗದಿಗೆವ್ವ ಸೌಟು ಹಿಡಿದು ಒಳಗೆ ಹೋಗಿ ಒಲೆಯ ಬಳಿ ನಿಂತುಬಿಟ್ಟಳು. ಇದ್ದದ್ದನ್ನು ಹೇಳು ಎಂದು ಮಕ್ಕಳಿಗೆ ಕಲಿಸಿದವಳಿಗೆ, ಇಲ್ಲದ್ದೊಂದೇ ಕಣ್ಣಿಗೆ ಬೀಳುತ್ತಿತ್ತು.

ಪಂಚಮಿ ಬಂತು. ಗದಿಗೆವ್ವ ಸೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಗದಗಿನಲ್ಲಿ ಬಸ್ಸು ಬದಲಿಸಿ ಮುಳಗುಂದಕ್ಕೆ ಹೋದಳು. ಕಾವೇರಿ ನಗುತ್ತ ಓಡಿ ಬಂದು ಸೊಂಟ ತಬ್ಬಿದಳು. ಎರಡು ತಿಂಗಳಲ್ಲೇ ಮೈಗೆ ಗಿರಣಿಯ ಹಿಟ್ಟಿನ ವಾಸನೆ ಹತ್ತಿತ್ತು. "ಅವ್ವಾ, ದೊಡ್ಡವ್ವ ಬಂದ್ಳು!" ಎಂದು ಒಳಗೆ ಕೂಗಿದಳು. ಆ 'ಅವ್ವಾ' ಎಷ್ಟು ಸಲೀಸಾಗಿ ಬಂತು ಎಂದು ಗದಿಗೆವ್ವ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತಳು.

"ಬರ್ರಿ ಅಕ್ಕಾರ, ಕುಂಡ್ರಿ" ಎಂದು ಅಂಕಿತಾ ನೀರು ಕೊಟ್ಟಳು. ಒಳ್ಳೆಯ ಹುಡುಗಿ. ಊಟಕ್ಕೆ ಬಡಿಸುತ್ತ ನಕ್ಕಳು: "ನೀವ್ ಕಲಿಸಿದ್ದು ಈಕಿ ಬಿಟ್ಟಿಲ್ರಿ. ನಮ್ಮ ವೀರೂಗೂ ಕಲಿಸ್ಯಾಳ."

ಕಾವೇರಿ ಕಣ್ಣು ಮುಚ್ಚಿದಳು. "ದೇವ್ರೇ, ಅವ್ವ ಹೋಳಿಗಿ ಮಾಡ್ಯಾಳ. ವೀರೂನ ಕೆಮ್ಮು ಕಡಿಮಿ ಆಗೇತಿ. ಅಪ್ಪ ಜೋಕಾಲಿ ಕಟ್ಯಾನ." ಗದಿಗೆವ್ವ ತುತ್ತು ಹಿಡಿದು ಕಾದಳು. ಹುಡುಗಿ ಕಣ್ಣು ತೆರೆದು ಹೋಳಿಗೆ ಮುರಿದಳು. ದೊಡ್ಡವ್ವನ ಹೆಸರು ಬರಲಿಲ್ಲ.

ಊಟವಾದ ಮೇಲೆ ಜೋಕಾಲಿಯ ಹತ್ತಿರ ಇಬ್ಬರೇ ಇದ್ದಾಗ ಗದಿಗೆವ್ವನಿಗೆ ತಡೆಯಲಾಗಲಿಲ್ಲ. "ನಾ ಬಂದಿದ್ದು ದೇವ್ರಿಗಿ ಹೇಳಲೇ ಇಲ್ಲಲ್ಲ ನೀ?"

ಕಾವೇರಿ ಹಗ್ಗ ಹಿಡಿದು ನೆಲ ನೋಡಿದಳು. "ನಿಂದು ಮನಸಿನ್ಯಾಗ ಹೇಳ್ತೀನಿ, ದೊಡ್ಡವ್ವ. ದಿನಾ ಹೇಳ್ತೀನಿ. ಬಾಯ್ಲೆ ಹೇಳಿದ್ರ ಅಳು ಬರ್ತೈತಿ. ನಾ ಅತ್ರ ಅವ್ವ ಸಪ್ಪಗಾಗ್ತಾಳ."

ಗದಿಗೆವ್ವ ಜೋಕಾಲಿಯನ್ನು ಮೆಲ್ಲಗೆ ದೂಡಿದಳು. ಎಂಟು ತುಂಬದ ಈ ಕೂಸು ಎರಡು ಮನೆಯವರ ಮನಸ್ಸನ್ನೂ ಕಾಯುತ್ತಿದೆಯಲ್ಲ ಎಂದು ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಸಂಜೆಯ ಬಸ್ಸಿಗೆ ಮುಂಚೆ ಆಕೆ ಹೊನ್ನೇಶನನ್ನು ಕೇಳಿದಳು. "ದಸರಾ ಸೂಟಿಗಿ ನಾಕ್ ದಿನ ಕಳಸ್ತೀಯೇನಪ್ಪ?" ಅವನು ಬಾಯಿ ತೆರೆಯುವ ಮೊದಲೇ ಅಂಕಿತಾ, "ಕಳಸ್ತೀವ್ರಿ ಅಕ್ಕಾರ. ಅದೂ ಅಕಿ ಮನೀನ ಅಲ್ಲೇನ್ರಿ?" ಎಂದಳು.

ಮರುದಿನ ಅಂಗನವಾಡಿಯಲ್ಲಿ ಅನ್ನ ಬಡಿಸಿ ಗದಿಗೆವ್ವ ಮಕ್ಕಳ ಸಾಲಿನಲ್ಲೇ ಕುಳಿತಳು. "ಹೇಳ್ರಿ" ಎಂದಳು. ತನ್ನ ಸರದಿ ಬಂದಾಗ ಕಣ್ಣು ಮುಚ್ಚಿ, "ನಿನ್ನಿ ಮುಳಗುಂದದಾಗ ಹುಡುಗಿ ನಕ್ಕಿದ್ದು ಕಂಡೆ" ಎಂದಳು. ಮಕ್ಕಳಿಗೆ ಅದೇನೆಂದು ತಿಳಿಯಲಿಲ್ಲ, ಆದರೂ ತಲೆಯಾಡಿಸಿ ಉಣ್ಣತೊಡಗಿದರು.

ದಸರೆಗೆ ಕಾವೇರಿ ಬಂದಳು, ಎರಡು ಬೆರಳು ಎತ್ತರವಾಗಿ. ಪುಂಡಲೀಕಪ್ಪ ಅವಳನ್ನು ಕಪ್ಪತಗುಡ್ಡದ ಬುಡದ ತನಕ ಸುತ್ತಾಡಿಸಿದ, ಹೊಲದ ಬದುವಿನ ಹಣ್ಣು ಕಿತ್ತುಕೊಟ್ಟ. ಮೂರನೆಯ ದಿನ ಮುಂಜಾನೆ ಗದಿಗೆವ್ವ ಹಿಂದೆ ಕುಳಿತು ಜಡೆ ಹಾಕುತ್ತಿದ್ದಾಗ ಹುಡುಗಿ ಕೇಳಿದಳು:

"ದೊಡ್ಡವ್ವ, ಅವ್ವ ನನ್ನ ಕರಿಯಾಕ ಯಾವಾಗ ಬರ್ತಾಳ?"

"ನಾಳಿ ಬರ್ತಾಳ, ಕೂಸ. ವೀರೂನ್ನೂ ಕರ್ಕೊಂಡ ಬರ್ತಾಳ" ಎಂದಳು ಗದಿಗೆವ್ವ. ಅರ್ಧ ಹಾಕಿದ ಜಡೆಯನ್ನು ಬಿಚ್ಚಿ, ಎಣ್ಣೆ ಸಾಲದು ಎಂಬ ನೆವ ಹೇಳಿ, ಮೊದಲಿನಿಂದ ಬಾಚತೊಡಗಿದಳು.