ಬಿರಡೆ ಆರಿಸುವ ಕಣ್ಣು

ಒತೀಲಿಯಾ ಬಿರಡೆ ಕಾರ್ಖಾನೆಗೆ ಸೇರಿದಾಗ ಹದಿನಾರು ವರ್ಷ. ಈಗ ಐವತ್ತೊಂಬತ್ತು. ಇಷ್ಟು ವರ್ಷ ಅವಳು ಮಾಡಿದ್ದು ಒಂದೇ ಕೆಲಸ, ನೋಡುವುದು. ಪೋರ್ಚುಗಲ್ಲಿನಲ್ಲಿ, ಪೋರ್ತೊ ನಗರದ ಕೆಳಗಿನ ನಮ್ಮ ಊರುಗಳಲ್ಲಿ ಮನೆಗೊಬ್ಬಳಾದರೂ ಈ ಕೆಲಸ ಮಾಡಿದವಳು ಸಿಗುತ್ತಾಳೆ. ವೈನ್ ಬಾಟಲಿಗೆ ಹಾಕುವ ಕಾರ್ಕ್ ಬಿರಡೆಗಳು ಬೆಲ್ಟಿನ ಮೇಲೆ ಉರುಳುತ್ತ ಬರುತ್ತವೆ. ತೂತು ಬಿದ್ದದ್ದು, ಬಿರುಕು ಬಿಟ್ಟದ್ದು, ಹುಳು ತಿಂದದ್ದು, ಹಳದಿ ಕಲೆ ಹಿಡಿದದ್ದು ಕಂಡರೆ ಎತ್ತಿ ಬುಟ್ಟಿಗೆ ಹಾಕಬೇಕು. ಒಂದು ಕೊರತೆಯೂ ಇಲ್ಲದ ಬಿರಡೆಗೆ ನಾವು ಹೂವು ಎನ್ನುತ್ತೇವೆ. ಕೇಳಲೇನೋ ಚೆಂದ. ದಿನಕ್ಕೆ ಎಂಟು ಗಂಟೆ ಹೂವು ನೋಡಿದವಳ ಕುತ್ತಿಗೆಯನ್ನು ಕೇಳಿದರೆ ಆ ಚೆಂದ ಎಷ್ಟೆಂದು ಗೊತ್ತಾಗುತ್ತದೆ.

ಮನೆಗೆ ಹೋದರೂ ಬಿಡುಗಡೆಯಿರಲಿಲ್ಲ. ಕಣ್ಣು ಮುಚ್ಚಿದರೆ ಬಿರಡೆಗಳು ಎಡದಿಂದ ಬಲಕ್ಕೆ ಉರುಳುತ್ತಿದ್ದವು. ಊಟಕ್ಕೆ ಕೂತರೆ ತಟ್ಟೆಯಲ್ಲಿನ ಆಲಿವ್ ಕಾಯಿಗಳನ್ನು ಗೊತ್ತಿಲ್ಲದೆಯೇ ಒಳ್ಳೆಯದು, ಕೆಟ್ಟದ್ದು ಎಂದು ಎರಡು ಗುಡ್ಡೆ ಮಾಡುತ್ತಿದ್ದಳು. ಅವಳ ಗಂಡ ನೆರೆಯವರ ಮುಂದೆ, "ಇಷ್ಟು ಸೂಕ್ಷ್ಮದವಳು ನನ್ನನ್ನ ಹೇಗೆ ಆರಿಸ್ಕೊಂಡಳೋ, ಅವತ್ತು ಕರೆಂಟ್ ಹೋಗಿತ್ತೇನೋ" ಎನ್ನುತ್ತಿದ್ದ.

ಬೆಲ್ಟಿನ ಮುಂದೆ ಹೆಂಗಸರು ಇಬ್ಬಿಬ್ಬರಾಗಿ ಕೂರುತ್ತಾರೆ. ಮೇಲಿನ ಜಾಗದವಳ ಕೈತಪ್ಪಿ ಬಂದದ್ದನ್ನು ಕೆಳಗಿನ ಜಾಗದವಳು ಎತ್ತುತ್ತಾಳೆ. ಎತ್ತಿದೆನೆಂದು ಬಾಯಿ ಬಿಡುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಪಕ್ಕದವಳ ತಪ್ಪನ್ನು ಆಡಿ ತೋರಿಸಿದವಳ ಜೊತೆ ಮರುದಿನ ಯಾರೂ ಕೂರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಒತೀಲಿಯಾ ಮೇಲಿನ ಜಾಗದಲ್ಲಿ, ಗ್ರಾಸಿಂಡಾ ಕೆಳಗಿನದರಲ್ಲಿ. ಗ್ರಾಸಿಂಡಾಳದು ದೊಡ್ಡ ಬಾಯಿ. ಯಂತ್ರಗಳ ಸದ್ದಿನ ಮೇಲೂ ಅವಳ ಮಾತು ಗೇಟಿನವರೆಗೆ ಕೇಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಮೇಲ್ವಿಚಾರಕ ಅರ್ಮಿಂದು ಒತೀಲಿಯಾಳನ್ನು ಮಹಡಿಗೆ ಕರೆಸಿದ. ಅಲ್ಲಿ ವಿಶ್ವವಿದ್ಯಾಲಯದಿಂದ ಬಂದ ಟೆಲ್ಮಾ ಎಂಬ ಹುಡುಗಿ ಕ್ಯಾಮೆರಾ, ಕಂಪ್ಯೂಟರು ಹರಡಿಕೊಂಡು ಕೂತಿದ್ದಳು. ಇನ್ನು ಮುಂದೆ ಬಿರಡೆಗಳನ್ನು ಯಂತ್ರವೇ ನೋಡಿ ಆರಿಸುತ್ತದಂತೆ.

"ಕೆಳಗಿರೋ ಆರು ಜನರಲ್ಲಿ ಒಬ್ಬರನ್ನ ಮಾತ್ರ ಉಳಿಸ್ಕೋತೀವಿ, ದೋನ ಒತೀಲಿಯಾ," ಎಂದ ಅರ್ಮಿಂದು, ಅಮ್ಮಾವ್ರೇ ಎನ್ನುವಂಥ ಆ 'ದೋನ'ವನ್ನು ಸೇರಿಸಿ. "ಯಾರು ಯಂತ್ರಕ್ಕೆ ಕಲಿಸ್ತಾರೋ ಅವರೇ ಆಮೇಲೆ ಅದನ್ನ ನೋಡ್ಕೊಳ್ಳೋದು. ನಿಮ್ಮಂಥ ಕಣ್ಣು ಈ ಸೀಮೇಲೇ ಇನ್ನೊಂದಿಲ್ಲ. ಏನಂತೀರಾ?"

ಅವಳು ಆಗಲಿ ಎಂದಳು. ಪಿಂಚಣಿಗೆ ಇನ್ನೂ ಏಳು ವರ್ಷ ಬಾಕಿಯಿತ್ತು, ಸೊಂಟ ಆಗಲೇ ಸೋತಿತ್ತು. ಒಂದು ದಿನ ಸಮಯ ಕೇಳಬಹುದಿತ್ತು, ಕೇಳಲಿಲ್ಲ. ಕೆಳಗಿಳಿದು ಗ್ರಾಸಿಂಡಾಳಿಗೆ ಒಂದು ಮಾತು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಗೋಡೆಗೆ ಹಚ್ಚಿದ ಕಾಗದ ಓದಿಯೇ ಗ್ರಾಸಿಂಡಾಳಿಗೆ ವಿಷಯ ಗೊತ್ತಾದದ್ದು. ಅಂದಿನಿಂದ ಅವಳು ಊಟದ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗತೊಡಗಿದಳು.

ಮಹಡಿಯಲ್ಲಿ ಟೆಲ್ಮಾ ಒತೀಲಿಯಾಳಿಗೆ ಒಂದು ದಪ್ಪ ಕನ್ನಡಕ ಹಾಕಿದಳು. ಕಣ್ಣು ಎಲ್ಲೆಲ್ಲಿ ನಿಂತಿತು ಎಂಬುದನ್ನು ಅದು ಗುರುತು ಮಾಡಿಕೊಳ್ಳುತ್ತಿತ್ತು.

"ಕಣ್ಣು ಬರೀ ಬೆಳಕನ್ನ ಒಳಗೆ ಬಿಡುತ್ತೆ, ನೋಡೋದು ಮೆದುಳು," ಎಂದಳು ಟೆಲ್ಮಾ. "ಮೆದುಳಲ್ಲಿ ಒಂದು ಪದರ ಬರೀ ಗೆರೆಗಳನ್ನ ಹುಡುಕುತ್ತೆ. ಅದರ ಮೇಲಿನ ಪದರ ಗೆರೆ ಸೇರಿಸಿ ಬಾಗು, ಮೂಲೆ ಅನ್ನುತ್ತೆ. ಇನ್ನೂ ಮೇಲಿನದು ಇದು ಬಿರುಕು, ಇದು ತೂತು ಅಂತ ತೀರ್ಮಾನ ಮಾಡುತ್ತೆ. ಈ ಯಂತ್ರಾನೂ ಹಾಗೇ ಪದರ ಪದರವಾಗಿ ಕಟ್ಟಿದೀವಿ. ಆದ್ರೆ ಯಾವುದನ್ನ ಗಮನಿಸ್ಬೇಕು, ಯಾವುದನ್ನ ಬಿಡ್ಬೇಕು ಅಂತ ಅದಕ್ಕೆ ಗೊತ್ತಿಲ್ಲ. ಅದನ್ನ ನಿಮ್ಮಿಂದ ಕಲೀಬೇಕು."

"ನನ್ನ ತಲೆಯೊಳಗೆ ಅಷ್ಟು ಜನ ದುಡೀತಾರಾ?" ಎಂದಳು ಒತೀಲಿಯಾ. "ಅದಕ್ಕೇ ನೋಡು ಹುಡುಗಿ, ಇಷ್ಟು ಸುಸ್ತು."

ಎರಡು ತಿಂಗಳು ಹೀಗೇ ನಡೆಯಿತು. ಕ್ಯಾಮೆರಾದ ಕೆಳಗೆ ಒಂದೊಂದೇ ಬಿರಡೆ ಬರುವುದು, ಅವಳು ಹೂವು ಎನ್ನುವುದು, ಕೆಟ್ಟದ್ದು ಎನ್ನುವುದು. ದಿನಕ್ಕೆ ನಾಲ್ಕು ಸಾವಿರ. ಕುರ್ಚಿ ಮೆತ್ತಗಿತ್ತು, ಕೋಣೆ ಬೆಚ್ಚಗಿತ್ತು, ಮಾತಾಡುವವರು ಯಾರೂ ಇರಲಿಲ್ಲ. ಐದನೇ ವಾರಕ್ಕೆ ಯಂತ್ರ ಅವಳ ಹಾಗೆಯೇ ಹೇಳತೊಡಗಿತು. ಅವಳು ಅನುಮಾನಿಸುವ ಕಡೆ ಅದೂ ಅನುಮಾನಿಸುತ್ತಿತ್ತು. ಅದನ್ನು ನೋಡಿ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ನವೆಂಬರಿನಲ್ಲಿ ಬಿರಡೆ ಕೊಳ್ಳುವ ಕಂಪನಿಯವನೊಬ್ಬ ಸಾವಿರ ಬಿರಡೆ ತಂದು ಯಂತ್ರದ ಪರೀಕ್ಷೆ ಮಾಡಿದ. ಬಿರುಕು, ತೂತು, ಹುಳು ಒಂದನ್ನೂ ಅದು ಬಿಡಲಿಲ್ಲ. ಹಳದಿ ಕಲೆಯವು ಅರುವತ್ತೊಂದಿದ್ದವು. ಅದರಲ್ಲಿ ಐವತ್ತೆಂಟನ್ನು ಹೂವು ಎಂದು ದಾಟಿಸಿಬಿಟ್ಟಿತು. ಹಳದಿ ಕಲೆಯ ಬಿರಡೆ ಹಾಕಿದರೆ ವೈನು ಮುಗ್ಗಲು ಹಿಡಿಯುತ್ತದೆ, ಅದಕ್ಕಿಂತ ಕೆಟ್ಟ ತಪ್ಪು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಅರ್ಮಿಂದು ಕೆಂಡವಾದ. ಟೆಲ್ಮಾ ಎರಡು ದಿನ ತಲೆ ಎತ್ತದೆ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದಳು. ಗುರುವಾರ ಬೆಳಿಗ್ಗೆ ಒತೀಲಿಯಾಳ ಮುಂದೆ ಹನ್ನೆರಡು ಬಿರಡೆ ಇಟ್ಟಳು.

"ಇದರಲ್ಲಿ ಕೆಟ್ಟದ್ದು ಯಾವುದು?"

ಒತೀಲಿಯಾ ಒಂದೊಂದನ್ನೂ ಬೆರಳಲ್ಲಿ ಹೊರಳಿಸಿ ನೋಡಿದಳು. "ಎಲ್ಲಾ ಹೂವೇ."

ಟೆಲ್ಮಾ ಪರದೆಯ ಮೇಲೆ ಅವೇ ಬಿರಡೆಗಳ ಬಣ್ಣವನ್ನು ಗಾಢ ಮಾಡಿ ತೋರಿಸಿದಳು. ಏಳರ ಮೇಲೆ ಹೆಬ್ಬೆರಳಿನಷ್ಟು ಅಗಲದ ಕಲೆ ಎದ್ದು ಕಾಣುತ್ತಿತ್ತು.

"ಯಂತ್ರದ ತಪ್ಪಿಲ್ಲ," ಎಂದಳು ಟೆಲ್ಮಾ, ಮೆಲ್ಲಗೆ. "ನಿಮಗೆ ಕಾಣದೇ ಇದ್ದದ್ದು ಅದಕ್ಕೂ ಕಾಣ್ತಿಲ್ಲ. ನಿಮ್ಮ ಕಣ್ಣಿಗೆ ಪೊರೆ ಬರ್ತಾ ಇರ್ಬೇಕು, ದೋನ ಒತೀಲಿಯಾ. ಕಣ್ಣೊಳಗಿನ ಮಸೂರ ನಿಧಾನವಾಗಿ ಹಳದಿ ಆಗುತ್ತೆ. ಮೆದುಳು ಅದಕ್ಕೆ ಹೊಂದ್ಕೊಂಡು ಬಿಳೀನ ಬಿಳಿ ಅಂತಲೇ ಹೇಳ್ತಿರುತ್ತೆ. ಹಳದಿ ಕಲೆ ಬೇರೆಯಾಗಿ ಕಾಣಲ್ಲ, ನಮಗೆ ಅದು ಗೊತ್ತೂ ಆಗಲ್ಲ. ಡಾಕ್ಟರಿಗೆ ತೋರ್ಸಿ, ಚಿಕ್ಕ ಆಪರೇಷನ್ ಅಷ್ಟೆ."

ಒತೀಲಿಯಾ ಆಪರೇಷನ್ನಿನ ಬಗ್ಗೆ ಯೋಚಿಸುತ್ತಿರಲಿಲ್ಲ. "ಹಾಗಾದ್ರೆ ಇಷ್ಟು ವರ್ಷ ನಮ್ಮ ಬೆಲ್ಟಿಂದ ಹೋದ ಸರಕು? ಒಂದು ದೂರೂ ಬಂದಿಲ್ವಲ್ಲ?"

"ಅದೇ ನನಗೂ ಅರ್ಥ ಆಗ್ತಿಲ್ಲ. ಕೆಳಗೆ ಹಳದೀನ ಯಾರು ಹಿಡೀತಿದ್ರು?"

ಒತೀಲಿಯಾಳಿಗೆ ಕೇಳಿದ ಕ್ಷಣವೇ ಗೊತ್ತಾಯಿತು. ಈಚಿನ ವರ್ಷಗಳಲ್ಲಿ ಗ್ರಾಸಿಂಡಾಳ ಬುಟ್ಟಿ ಬೇಗ ತುಂಬುತ್ತಿತ್ತು. "ಒಳ್ಳೇದನ್ನೂ ಎಸೀತೀಯೇನೇ?" ಎಂದು ತಾನೇ ಅವಳನ್ನು ಎಲ್ಲರ ಮುಂದೆ ಎಷ್ಟೋ ಸಲ ಹಂಗಿಸಿದ್ದುಂಟು. ಆಗೆಲ್ಲ ಆ ದೊಡ್ಡ ಬಾಯಿ ಸುಮ್ಮನೆ ನಕ್ಕಿತ್ತು. ಈಗ ಅದನ್ನು ನೆನೆದು ಒತೀಲಿಯಾಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಅರ್ಮಿಂದುವೂ ಬಂದ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಟೆಲ್ಮಾ ಕಾಯಲು ಸಿದ್ಧಳಿದ್ದಳು, ಕಣ್ಣು ಸರಿಮಾಡಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂರಬಹುದಿತ್ತು.

"ಗ್ರಾಸಿಂಡಾ," ಎಂದಳು ಒತೀಲಿಯಾ. "ಯಂತ್ರಕ್ಕೆ ಅವಳು ಕಲಿಸ್ಲಿ."

"ಕಲಿಸಿದವರೇ ಉಳಿಯೋದು. ನೆನಪಿದೆಯಲ್ಲ?" ಎಂದ ಅರ್ಮಿಂದು.

"ಇದೆ."

ತ್ಯಾಗ ಗೀಗ ಎಂದು ಯಾರಾದರೂ ಅಂದಿದ್ದರೆ ಅವಳಿಗೆ ಸಿಟ್ಟೇ ಬರುತ್ತಿತ್ತು. ಬೇರೆಯವಳ ಹೆಸರಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಎಷ್ಟೋ ವರ್ಷ ತಿಂದದ್ದಾಗಿತ್ತು, ಇನ್ನು ತಿನ್ನಲು ಶಕ್ತಿಯಿರಲಿಲ್ಲ, ಅಷ್ಟೆ.

ಮಧ್ಯಾಹ್ನ ಅವಳು ಡಬ್ಬಿ ಹಿಡಿದು ಗ್ರಾಸಿಂಡಾಳ ಮೇಜಿಗೆ ಹೋದಳು.

"ಇಲ್ಲಿ ಜಾಗ ಇಲ್ಲ," ಎಂದಳು ಗ್ರಾಸಿಂಡಾ, ಖಾಲಿ ಬೆಂಚನ್ನೇ ನೋಡುತ್ತ.

ಒತೀಲಿಯಾ ಕೂತು ತನ್ನ ಸೂಪಿನ ಡಬ್ಬಿ ತೆರೆದಳು. "ಎಷ್ಟು ವರ್ಷ ಆಯ್ತೇ?"

"ಏನು?"

"ಹಳದಿ."

ಗ್ರಾಸಿಂಡಾಳ ಚಮಚ ಎಲೆಕೋಸಿನ ಸೂಪಿನಲ್ಲೇ ನಿಂತಿತು. "ನಾಲ್ಕು. ಐದೂ ಇರ್ಬಹುದು."

"ಮೇಲೆ ನಿನ್ನ ಹೆಸರು ಹೇಳಿ ಬಂದಿದೀನಿ. ಸೋಮವಾರದಿಂದ ನೀನೇ. ಉಳಿಯೋದೂ ನೀನೇ."

ಗ್ರಾಸಿಂಡಾ ಸೂಪನ್ನು ಒಂದು ಸುತ್ತು ಕಲಕಿದಳು. "ಕುರ್ಚಿ ಮೆತ್ತಗಿದ್ಯಾ?"

"ಇದೆ. ಒಂದು ಕನ್ನಡಕ ಹಾಕ್ತಾರೆ, ಗೂಬೆ ಥರ ಕಾಣ್ತೀಯ."

"ಈಗೇನು ರಾಣಿ ಥರ ಕಾಣ್ತಿದೀನಾ?"

ಇಬ್ಬರಿಗೂ ನಗು ಬರಲಿಲ್ಲ. ಒತೀಲಿಯಾ ಕೇಳಿಯೇಬಿಟ್ಟಳು. "ಊರಿಗೆಲ್ಲ ಡಂಗುರ ಹೊಡೆಯೋ ಬಾಯಿ ನಿಂದು. ನನಗೊಬ್ಬಳಿಗೆ ಯಾಕೆ ಹೇಳ್ಲಿಲ್ಲ?"

ಗ್ರಾಸಿಂಡಾ ಜೋಳದ ರೊಟ್ಟಿಯನ್ನು ಮುರಿದು ಅರ್ಧವನ್ನು ಅವಳ ಕಡೆ ತಳ್ಳಿದಳು.

"ಹೇಳಿದ್ರೆ ನಿನ್ನನ್ನ ಪ್ಯಾಕಿಂಗಿಗೆ ಕಳಿಸ್ತಿದ್ರು. ನಿನ್ನ ಜಾಗಕ್ಕೆ ಇನ್ಯಾರನ್ನೋ ತಂದು ಕೂರಿಸ್ತಿದ್ರು. ನನಗೆ ಬೇರೆ ಯಾರ ಪಕ್ಕಾನೂ ಕೂರೋಕೆ ಇಷ್ಟ ಇರ್ಲಿಲ್ಲ ಕಣೇ. ನಿನ್ನ ಸೂಪು ಆರ್ತಿದೆ, ಕುಡಿ."

ಒತೀಲಿಯಾ ಆ ಅರ್ಧ ರೊಟ್ಟಿಯನ್ನು ಸೂಪಿಗೆ ಅದ್ದಿದಳು. ಸೆಪ್ಟೆಂಬರಿನಲ್ಲಿ ಅದೇ ಪಕ್ಕವನ್ನು ಬಿಟ್ಟು ಮಹಡಿಗೆ ಹೋಗಲು ಒಪ್ಪುವುದಕ್ಕೆ ತನಗೆ ಅರ್ಧ ನಿಮಿಷವೂ ಹಿಡಿದಿರಲಿಲ್ಲ.